‘ಗಾಶ್’ ಎಂಬ ಇಂಗ್ಲಿಷ್ ಉದ್ಗಾರದ ಅರ್ಥವೇನು, ಅದು ಎಲ್ಲಿಂದ ಬಂತು?

ಅರೆಓದು ಕೇಳಿದ ಪ್ರಶ್ನೆ:

ಇಂಗ್ಲಿಷ್ ಕಾದಂಬರಿಗಳಲ್ಲಿಯೂ ಹಳೆಯ ಚಲನಚಿತ್ರಗಳ ಸಂಭಾಷಣೆಯಲ್ಲಿಯೂ ‘ಗಾಶ್’ ಎಂಬ ಉದ್ಗಾರ ನನಗೆ ಮತ್ತೆ ಮತ್ತೆ ಎದುರಾಗುತ್ತಿದೆ. ಒಂದು ಕಡೆ ಅನಿರೀಕ್ಷಿತ ಉಡುಗೊರೆ ಕಂಡ ಹುಡುಗ ಹಾಗೆನ್ನುತ್ತಾನೆ. ಇನ್ನೊಂದು ಕಡೆ ಗಡಿಯಾರ ನೋಡಿ ಹೊತ್ತು ಮೀರಿತೆಂದು ಗಾಬರಿಯಾದವರು ಹಾಗೆನ್ನುತ್ತಾರೆ. ಮತ್ತೊಂದು ಕಡೆ ಸ್ನೇಹಿತೆಯ ಕಷ್ಟ ಕೇಳಿ ಏನು ಹೇಳಬೇಕೆಂದು ತೋಚದವಳು ಅದನ್ನೇ ಮೆಲುದನಿಯಲ್ಲಿ ಆಡುತ್ತಾಳೆ. ನಿಘಂಟು ತೆರೆದರೆ ‘ಆಶ್ಚರ್ಯಸೂಚಕ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದಿರುತ್ತದೆ. ದನಿಯಿಂದ ಸಂದರ್ಭ ಹೇಗೋ ತಿಳಿಯುತ್ತದೆ, ಆದರೆ ಆ ಪದಕ್ಕೆ ತನ್ನದೇ ಆದ ಅರ್ಥವೊಂದು ಇದೆಯೋ ಅಥವಾ ಅದು ಬರಿಯ ಸದ್ದೋ ಎಂಬುದು ತಿಳಿಯಲಿಲ್ಲ.

ಬೈಬಲ್ಲಿನಲ್ಲಿ ಬರುವ ಗೋಷೆನ್ ಎಂಬ ಸೀಮೆಯ ಹೆಸರಿನಿಂದ ಇದು ಹುಟ್ಟಿತು ಎಂದು ಒಬ್ಬರು ಹೇಳಿದರು; ‘ಗಾಡ್’ ಎನ್ನಲು ಅಂಜಿ ಜನ ‘ಗಾಶ್’ ಎಂದರು ಎಂದು ಇನ್ನೊಬ್ಬರು ಹೇಳಿದರು. ಎರಡರಲ್ಲಿ ಯಾವುದು ಸರಿ, ಸರಿ ಎನ್ನಲು ಆಧಾರವೇನು? ‘ಗಾಲಿ’, ‘ಜೀ’, ‘ಜೀಜ್’, ‘ಬ್ಲೈಮಿ’ ಮುಂತಾದವೂ ಇದೇ ಕುಲದವೇ? ಇವನ್ನು ಯಾರೆದುರಿಗಾದರೂ ಆಡಬಹುದೇ, ಅಥವಾ ಕೆಲವರ ಮನಸ್ಸಿಗೆ ನೋವಾಗುವಂಥದ್ದೇನಾದರೂ ಇವುಗಳಲ್ಲಿ ಅಡಗಿದೆಯೇ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ನುಡಿಬೇರು ಬರೆದ ಉತ್ತರ:

ಅರೆಓದು ಅವರೇ, ನಿಮಗೆ ಎರಡನೆಯವರು ಹೇಳಿದ್ದೇ ಸರಿ. ‘ಗಾಶ್’ ಎಂಬುದು ‘ಗಾಡ್’ ಎಂಬ ಪದದ ಕೊನೆಯ ವ್ಯಂಜನವನ್ನು ಬದಲಿಸಿ ಮಾಡಿಕೊಂಡ ರೂಪ. ದೇವರ ಹೆಸರನ್ನು ಹಗುರವಾಗಿ ಎತ್ತಬಾರದು ಎಂಬ ಭಯವೋ ಮರ್ಯಾದೆಯೋ ಬಲವಾಗಿದ್ದ ಸಮಾಜದಲ್ಲಿ, ಆ ಹೆಸರು ನಾಲಿಗೆಯ ತುದಿಗೆ ಬಂದುಬಿಟ್ಟಾಗ ಅದನ್ನು ನಡುವೆಯೇ ಬೇರೆ ಕಡೆಗೆ ತಿರುಗಿಸಿಬಿಡುವ ಉಪಾಯವಿದು. ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ‘ಮಿನ್ಸ್ಡ್ ಓತ್’ ಎಂಬ ಹೆಸರಿದೆ. ಮೆದುಗೊಳಿಸಿದ ಆಣೆಮಾತು ಎಂದು ತಿಳಿದುಕೊಳ್ಳಿ.

ಈ ಮೆದುಗೊಳಿಸುವಿಕೆಗೆ ಒಂದು ಕ್ರಮವಿದೆ. ಪದದ ಮೊದಲ ವ್ಯಂಜನವನ್ನೂ ಸಾಮಾನ್ಯವಾಗಿ ಅದರ ಸ್ವರವನ್ನೂ ಹಾಗೆಯೇ ಉಳಿಸಿಕೊಂಡು, ಬಾಲವನ್ನು ಮಾತ್ರ ಬದಲಿಸುತ್ತಾರೆ. ಆರಂಭ ಉಳಿದಿರುವುದರಿಂದ ಆಡಿದವರ ಆವೇಗ ಕೇಳುಗರಿಗೆ ಮುಟ್ಟುತ್ತದೆ. ಬಾಲ ಬದಲಾಗಿರುವುದರಿಂದ ‘ನಾನು ಆ ಮಾತು ಆಡಲೇ ಇಲ್ಲ’ ಎನ್ನಲು ಆಡಿದವರಿಗೆ ದಾರಿ ಇರುತ್ತದೆ. ‘ಗಾಡ್’ ಎಂಬುದರಿಂದ ‘ಗಾಶ್’, ‘ಗಾಲಿ’, ‘ಈಗ್ಯಾಡ್’, ‘ಬೈ ಗಮ್’ ಎಂಬವು ಹುಟ್ಟಿದವು. ‘ಜೀಸಸ್’ ಎಂಬುದರಿಂದ ‘ಜೀ’ ಮತ್ತು ‘ಜೀಜ್’. ‘ಕ್ರೈಸ್ಟ್’ ಎಂಬುದರಿಂದ ‘ಕ್ರೈಕಿ’ ಮತ್ತು ‘ಕ್ರೈಪ್ಸ್’. ಅದೇ ‘ಕ್ರೈಸ್ಟ್’ ಬಾಯಿಗೆ ಬಂದಾಗ ಅದನ್ನು ‘ಕ್ರಿಸ್ಟೊಫರ್ ಕೊಲಂಬಸ್!’ ಎಂದು ಮುಂದುವರಿಸಿ ಪಾರಾಗುವವರೂ ಇದ್ದರು. ನಾವಿಕನಿಗೂ ಆ ಆಶ್ಚರ್ಯಕ್ಕೂ ಯಾವ ಸಂಬಂಧವೂ ಇಲ್ಲ. ಅವನ ಹೆಸರಿನ ಮೊದಲಕ್ಷರಗಳಷ್ಟೇ ಅಲ್ಲಿ ಬೇಕಾದದ್ದು.

ಇನ್ನು ಆಧಾರದ ಮಾತು. ಒಂದು ಪದ ಇನ್ನೊಂದರ ಬದಲಿಗೆ ಬಂದದ್ದೆಂದು ಹೇಳಬೇಕಾದರೆ ಸದ್ದಿನ ಹೋಲಿಕೆಯೊಂದೇ ಸಾಲದು, ಅದು ಕೂರುವ ಜಾಗಗಳನ್ನು ನೋಡಬೇಕು. ‘ಬೈ ಗಾಡ್’ ಇದ್ದಲ್ಲಿ ‘ಬೈ ಗಾಶ್’ ಇದೆ, ‘ಮೈ ಗಾಡ್’ ಇದ್ದಲ್ಲಿ ‘ಮೈ ಗಾಶ್’ ಇದೆ, ‘ಗಾಡ್ ನೋಸ್’ ಇದ್ದಲ್ಲಿ ‘ಗಾಶ್ ನೋಸ್’ ಇದೆ. ‘ದೇವರ ದಯೆಯಿಂದಾದರೂ’ ಎಂದು ಗೋಗರೆಯುವ ‘ಫಾರ್ ಗಾಡ್ಸ್ ಸೇಕ್’ ಎಂಬುದಕ್ಕೆ ‘ಫಾರ್ ಗಾಶ್ ಸೇಕ್ಸ್’ ಎಂಬ ಜೋಡಿಯಿದೆ, ತೀರಾ ಕೆಟ್ಟದ್ದೆನ್ನುವ ‘ಗಾಡ್ ಆಫುಲ್’ ಎಂಬುದಕ್ಕೆ ‘ಗಾಶ್ ಆಫುಲ್’ ಎಂಬ ಜೋಡಿಯಿದೆ, ಶಪಿಸುವ ‘ಗಾಡ್ ಡ್ಯಾಮ್’ ಎಂಬುದಕ್ಕೆ ಎರಡು ಭಾಗಗಳನ್ನೂ ಮೆದುಗೊಳಿಸಿದ ‘ಗಾಶ್ ಡಾರ್ನ್’ ಇದೆ. ಇಷ್ಟೊಂದು ಜಾಗಗಳಲ್ಲಿ ಒಂದರ ಪೀಠದಲ್ಲಿ ಇನ್ನೊಂದು ಕೂತಿರುವುದು ಕೇವಲ ಆಕಸ್ಮಿಕವೆಂದು ನಂಬುವುದು ಕಷ್ಟ.

ಕಾಲದ ಲೆಕ್ಕವೂ ಹೊಂದುತ್ತದೆ. ‘ಗಾಶ್’ ಎಂಬ ರೂಪ 1757ರ ಬರಹದಲ್ಲಿ ಕಾಣಿಸುತ್ತದೆ. ಆದರೆ ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದೆ, 16ನೆಯ ಶತಮಾನದ ನಡುಭಾಗದಲ್ಲಿಯೇ, ‘ಬೈ ಗಾಸ್’ ಎಂಬ ಆಣೆ ಬಳಕೆಯಲ್ಲಿತ್ತು, ‘ಗಾಶ್’ ಅದರ ಮುಂದುವರಿಕೆಯಿರಬೇಕು. ಗೋಷೆನ್ ವಿಷಯಕ್ಕೆ ಬಂದರೆ, ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಯೋಸೇಫನು ತನ್ನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ನೆಲೆಗೊಳಿಸಿದ ಸೀಮೆಯೆಂದು ಆದಿಕಾಂಡ ಅದನ್ನು ವರ್ಣಿಸುತ್ತದೆ. ‘ಲ್ಯಾಂಡ್ ಆಫ್ ಗೋಷೆನ್!’ ಎಂಬ ಬೇರೆಯದೇ ಉದ್ಗಾರವೊಂದು ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಸದ್ದು ಸಮೀಪವಾಗಿರುವುದರಿಂದ ಎರಡನ್ನೂ ಬೆಸೆಯುವ ಆಸೆ ಹುಟ್ಟುವುದು ಸಹಜ. ಆದರೆ ‘ಬೈ ಗೋಷೆನ್’, ‘ಗೋಷೆನ್ ನೋಸ್’ ಎಂಬ ಮಾತುಗಳಿಂದ ‘ಗಾಶ್’ ಸವೆದು ಬಂದಿರಬೇಕೆಂದು ಹೇಳಲು, ಅಂಥ ಮಾತುಗಳು ಅದಕ್ಕಿಂತ ಮೊದಲೇ ಇದ್ದವೆಂಬುದಕ್ಕೆ ಆಧಾರವಿಲ್ಲ.

ರಂಗಪರದೆ ಬರೆದ ಉತ್ತರ:

ನುಡಿಬೇರು ಅವರ ವಿವರಣೆಗೆ ರಂಗಭೂಮಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ದೇವರ ಹೆಸರಿನ ಆಣೆಯ ಮೇಲೆ ಕಾನೂನು ಕೈಹಾಕಿದ್ದರ ಅತ್ಯಂತ ಸ್ಪಷ್ಟ ಗುರುತು ಇಂಗ್ಲೆಂಡಿನ ನಾಟಕಗಳ ಮುದ್ರಿತ ಪ್ರತಿಗಳಲ್ಲಿಯೇ ಸಿಗುತ್ತದೆ.

ಒಂದನೆಯ ಜೇಮ್ಸನ ಕಾಲದಲ್ಲಿ, 1606ರಲ್ಲಿ, ನಟರ ದುರ್ವರ್ತನೆಯನ್ನು ತಡೆಯುವುದಕ್ಕೆಂದು ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ನಾಟಕದಲ್ಲಾಗಲಿ ಬೇರೆ ಪ್ರದರ್ಶನದಲ್ಲಾಗಲಿ ದೇವರ, ಯೇಸು ಕ್ರಿಸ್ತನ, ಪವಿತ್ರಾತ್ಮದ ಅಥವಾ ತ್ರಯೇಕತ್ವದ ಹೆಸರನ್ನು ತಮಾಷೆಗೋ ಅಪವಿತ್ರವಾಗಿಯೋ ಆಡಿದರೆ ಪ್ರತಿ ತಪ್ಪಿಗೆ 10 ಪೌಂಡ್ ದಂಡ. ಅದರಲ್ಲಿ ಅರ್ಧ ರಾಜನ ಬೊಕ್ಕಸಕ್ಕೆ, ಇನ್ನರ್ಧ ದಾವೆ ಹೂಡಿದವರಿಗೆ. ಕೊನೆಯ ಅಂಶವೇ ಕಾಯಿದೆಯ ನಿಜವಾದ ಹಲ್ಲು ಎಂದು ನನ್ನ ಎಣಿಕೆ. ಅರ್ಧ ಹಣ ತನಗೇ ಬರುತ್ತದೆಂದು ಗೊತ್ತಿದ್ದ ಪ್ರೇಕ್ಷಕ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುವಾಗ ಯಾವ ನಟ ತಾನೇ ನಾಲಿಗೆ ಸಡಿಲ ಬಿಟ್ಟಾನು?

ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದ ಎರಡು ಹಳೆಯ ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. 1622ರ ಕ್ವಾರ್ಟೊ ಪ್ರತಿಯ, ಅಂದರೆ ಸಣ್ಣ ಆಕಾರದ ಬಿಡಿ ಪುಸ್ತಕದ, ಮೊದಲ ದೃಶ್ಯದಲ್ಲಿ ನಾಟಕದ ಖಳನಾಯಕ ಇಯಾಗೋ ‘ಸ್‌ಬ್ಲಡ್’ ಎಂದೇ ಬಾಯಿ ತೆರೆಯುತ್ತಾನೆ. ‘ಗಾಡ್ಸ್ ಬ್ಲಡ್’, ಅಂದರೆ ದೇವರ ನೆತ್ತರಾಣೆ, ಎಂಬುದರ ಸಂಕ್ಷಿಪ್ತ ರೂಪವದು. ಮರುವರ್ಷದ ಫೋಲಿಯೋ ಪ್ರತಿಯಲ್ಲಿ, ಅಂದರೆ ನಾಟಕಗಳ ದೊಡ್ಡ ಆಕಾರದ ಸಂಗ್ರಹದಲ್ಲಿ, ಆ ಪದವೇ ಇಲ್ಲ, ‘ಆದರೆ ನೀನು ನನ್ನ ಮಾತು ಕೇಳುವುದಿಲ್ಲ’ ಎಂಬ ಸಾಲು ತಲೆಯಿಲ್ಲದೆ ನೇರವಾಗಿ ಶುರುವಾಗುತ್ತದೆ. ಅದಕ್ಕೆ ಮುಂಚಿನ, ಅವನ ಜೊತೆಗಾರ ರೊಡರಿಗೋನ ಮಾತಿನಿಂದ ‘ಟಷ್’ ಎಂಬ ನಿರಪರಾಧಿ ಉದ್ಗಾರವನ್ನೂ ಕಿತ್ತುಹಾಕಿದ್ದಾರೆ. ನಡುರಾತ್ರಿಯಲ್ಲಿ ನಾಯಕಿಯ ತಂದೆ ಬ್ರಬ್ಯಾನ್ಷಿಯೋನನ್ನು ಎಬ್ಬಿಸುವ ಇಯಾಗೋ ಕ್ವಾರ್ಟೊದಲ್ಲಿ ‘ಝೌಂಡ್ಸ್, ಸ್ವಾಮಿ, ನಿಮ್ಮ ಮನೆ ದೋಚಿದ್ದಾರೆ’ ಎಂದು ಕೂಗಿದರೆ, ಫೋಲಿಯೋದಲ್ಲಿ ಬರಿಯ ‘ಸ್ವಾಮಿ’ ಎಂದು ವಿನಯವಾಗಿ ಆರಂಭಿಸುತ್ತಾನೆ. ಆಣೆಗಳನ್ನು ತೆಗೆದವರು ನಾಟಕ ತಂಡದವರೋ ಪ್ರತಿ ಮಾಡಿದವರೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದರೆ ತೆಗೆದಿರುವುದಂತೂ ಖಂಡಿತ. ಇಯಾಗೋನ ಪಾತ್ರಕ್ಕೆ ಇದರಿಂದ ಆದ ನಷ್ಟ ಸಣ್ಣದಲ್ಲ. ಅವನ ಒರಟುತನದ ಅರ್ಧ ಭಾಗ ಆ ಆಣೆಗಳಲ್ಲಿಯೇ ಇತ್ತು.

‘ಝೌಂಡ್ಸ್’ ಎಂಬುದು ‘ಗಾಡ್ಸ್ ವೂಂಡ್ಸ್’, ಅಂದರೆ ಶಿಲುಬೆಯ ಮೇಲಿನ ಗಾಯಗಳ ಆಣೆ. ಅದರಲ್ಲಿ ದೇವರ ಹೆಸರಿನ ಕೊನೆಯ ‘ಸ್’ ಮಾತ್ರ ಉಳಿದಿತ್ತು, ಅಷ್ಟು ಉಳಿದದ್ದೂ ಸೆನ್ಸಾರಿನ ಕಣ್ಣಿಗೆ ಹೆಚ್ಚಾಯಿತು ಎಂಬುದು ಗಮನಿಸಬೇಕಾದ ಅಂಶ. ಮುಂದೆ ಅದರ ಉಚ್ಚಾರ ‘ಸೌಂಡ್ಸ್’ ಎಂಬುದಕ್ಕೆ ಪ್ರಾಸವಾಗುವಂತೆ ಬದಲಾಗಿ, ಗಾಯ ಎಂಬ ಅರ್ಥದ ಪದದೊಡನೆ ಇದ್ದ ನಂಟೇ ಕಿವಿಗೆ ಕೇಳಿಸದಂತಾಯಿತು.

ಅರೆಓದು:

ಇಬ್ಬರಿಗೂ ವಂದನೆಗಳು. ಹಾಗಾದರೆ 1606ರ ಕಾಯಿದೆಗೆ ಹೆದರಿ ಜನ ದೇವರ ಹೆಸರನ್ನು ತಿರುಚಲು ಆರಂಭಿಸಿದರು, ‘ಗಾಶ್’ ಹುಟ್ಟಿದ್ದೂ ಹಾಗೆಯೇ ಎಂದು ತಿಳಿಯಬಹುದೇ?

ಹಳೆಕಡತ ಬರೆದ ಉತ್ತರ:

ಹಾಗೆ ತಿಳಿಯುವಂತಿಲ್ಲ. ತಿರುಚುವ ಅಭ್ಯಾಸ ಕಾಯಿದೆಗಿಂತ ಹಳೆಯದು. 14ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರನ ಪಾತ್ರವೊಂದು ‘ದೇವರ ಎಲುಬಿನಾಣೆ’ ಎನ್ನಬೇಕಾದ ಕಡೆ ‘ಕಾಕ್ಸ್ ಬೋನ್ಸ್’ ಎನ್ನುತ್ತದೆ. ಅಲ್ಲಿ ‘ಗಾಡ್’ ಎಂಬುದರ ಆರಂಭ, ಅಂತ್ಯ ಎರಡೂ ಬದಲಾಗಿ ಸ್ವರವಷ್ಟೇ ಉಳಿದಿದೆ. ನುಡಿಬೇರು ಅವರು ಹೇಳಿದ ‘ಬೈ ಗಾಸ್’ ಕೂಡ 1606ಕ್ಕಿಂತ ಅರ್ಧ ಶತಮಾನ ಹಿಂದಿನದು. ಕಾನೂನಿಗಿಂತ ಮೊದಲು ಇದ್ದದ್ದು ದಶಾಜ್ಞೆ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿದೆ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಎನ್ನಿ, ಅಲ್ಲವಾದರೆ ಅಲ್ಲ ಎನ್ನಿ ಎಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಎರಡನೆಯದನ್ನು ಅಕ್ಷರಶಃ ಪಾಲಿಸಿದ ಕ್ವೇಕರ್ ಪಂಥದವರು ನ್ಯಾಯಾಲಯದಲ್ಲಿಯೂ ಪ್ರಮಾಣ ಮಾಡಲು ಒಪ್ಪುತ್ತಿರಲಿಲ್ಲ.

ಕಾನೂನು ಆ ಅಂಜಿಕೆಗೆ ದರ ನಿಗದಿ ಮಾಡಿತು, ಅಷ್ಟೆ. ಆ ದರಪಟ್ಟಿ ಓದಲು ಬಹಳ ಸ್ವಾರಸ್ಯಕರವಾಗಿದೆ. 1745ರ ಅಪವಿತ್ರ ಆಣೆಗಳ ಕಾಯಿದೆಯ ಪ್ರಕಾರ ದಿನಗೂಲಿಯವನು, ಸಾಮಾನ್ಯ ಸಿಪಾಯಿ ಅಥವಾ ನಾವಿಕ ಆಣೆಮಾತು ಆಡಿದರೆ 1 ಶಿಲಿಂಗ್, ಅದಕ್ಕಿಂತ ಮೇಲಿನ ಆದರೆ ‘ಜಂಟಲ್‌ಮನ್’ ಎನಿಸಿಕೊಳ್ಳದ ಅಂತಸ್ತಿನವನು ಆಡಿದರೆ 2 ಶಿಲಿಂಗ್, ಜಂಟಲ್‌ಮನ್ ಅಥವಾ ಅವನಿಗಿಂತ ದೊಡ್ಡವನು ಆಡಿದರೆ 5 ಶಿಲಿಂಗ್ ದಂಡ. ಎರಡನೆಯ ಸಲ ಸಿಕ್ಕಿಬಿದ್ದರೆ ಇಮ್ಮಡಿ, ಮೂರನೆಯ ಸಲಕ್ಕೆ ಮುಮ್ಮಡಿ. ಜನರಿಗೆ ಮರೆಯದಿರಲೆಂದು ವರ್ಷಕ್ಕೆ ನಾಲ್ಕು ಬಾರಿ ಚರ್ಚಿನಲ್ಲಿ ಈ ಕಾಯಿದೆಯನ್ನು ಓದಿ ಹೇಳಬೇಕೆಂಬ ವಿಧಿಯೂ ಇತ್ತು. ಇಂಗ್ಲೆಂಡಿನ ಕಾನೂನು ಪುಸ್ತಕದಿಂದ ಅದು ಹೊರಬಿದ್ದದ್ದು 1967ರಲ್ಲಿ.

‘ಗಾಶ್’ ದಾಖಲಾದ 1757ಕ್ಕೂ ಈ ಕಾಯಿದೆಗೂ ಹನ್ನೆರಡೇ ವರ್ಷಗಳ ಅಂತರ ಇರುವುದನ್ನು ಕಂಡು ಎರಡನ್ನೂ ಗಂಟುಹಾಕುವ ಮನಸ್ಸಾಗಬಹುದು. ಆ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು. ಆಡುಮಾತಿನ ಪದವೊಂದು ಅಚ್ಚಿಗೆ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಬಾಯಲ್ಲಿ ಓಡಾಡಿರುತ್ತದೆ, ಆದ್ದರಿಂದ ದಾಖಲೆಯ ವರ್ಷ ಪದದ ಹುಟ್ಟಿದ ವರ್ಷವಲ್ಲ.

‘ಗಾಲಿ’ ಎಂಬುದರ ವಿಷಯದಲ್ಲಿ ನಮಗೆ ಒಳ್ಳೆಯ ಸಾಕ್ಷಿಯೊಬ್ಬರು ಸಿಕ್ಕಿದ್ದಾರೆ. ಸೆಲ್ಬೋರ್ನ್ ಊರಿನ ಪಾದ್ರಿಯೂ ಪ್ರಕೃತಿ ವೀಕ್ಷಕನೂ ಆಗಿದ್ದ ಗಿಲ್ಬರ್ಟ್ ವೈಟ್ 1775ರ ತನ್ನ ದಿನಚರಿಯಲ್ಲಿ ಈ ಪದವನ್ನು ಗುರುತು ಹಾಕಿಕೊಂಡಿದ್ದಾನೆ. ಗಾಡಿ ಹೊಡೆಯುವವರಲ್ಲಿಯೂ ತೀರಾ ಕೆಳವರ್ಗದವರಲ್ಲಿಯೂ ಹೆಚ್ಚು ಬಳಕೆಯಲ್ಲಿರುವ, ಒಂದು ಬಗೆಯ ಉಲ್ಲಾಸದ ಆಣೆ ಎಂಬುದು ಅವನ ವಿವರಣೆಯ ಸಾರ. ಹಕ್ಕಿಗಳ ಕೂಗನ್ನು ಆಲಿಸಿ ಬರೆದಿಡುತ್ತಿದ್ದ ಕಿವಿಗೆ ಗಾಡಿಯವರ ಕೂಗೂ ಬಿದ್ದಿತು. ಮುಂದೆ ಅದೇ ‘ಗಾಲಿ’ ಸಭ್ಯ ಮನೆಗಳ ಮಕ್ಕಳ ಬಾಯಿಗೆ ಹತ್ತಿ, ಕಥೆಪುಸ್ತಕಗಳ ಮುದ್ದು ಉದ್ಗಾರವಾಯಿತು. ಇಂದು ಬ್ರಿಟನ್ನಿನಲ್ಲಿ ಅದನ್ನು ನಾಮಪದವಾಗಿ ಬಳಸುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಕಪ್ಪುಜನರನ್ನು ವಿಡಂಬಿಸುವ ಒಂದು ಹಳೆಯ ಗೊಂಬೆಗೂ ಅದೇ ಹೆಸರಿದ್ದು, ಆ ಅರ್ಥದಲ್ಲಿ ಅದು ಅವಮಾನಕಾರಿ.

ಸಂದೇಹಿ ಬರೆದ ಉತ್ತರ:

ಮೇಲಿನ ಇತಿಹಾಸವನ್ನೆಲ್ಲ ಒಪ್ಪುತ್ತೇನೆ, ಆದರೆ ಮೂಲ ಗೊತ್ತಾದ ಮಾತ್ರಕ್ಕೆ ಅರ್ಥ ಗೊತ್ತಾದಂತಾಗುವುದಿಲ್ಲ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ‘ಗುಡ್‌ಬೈ’ ಎಂಬುದು ‘ಗಾಡ್ ಬಿ ವಿತ್ ಯೆ’, ಅಂದರೆ ದೇವರು ನಿಮ್ಮೊಡನಿರಲಿ ಎಂಬ ಹಾರೈಕೆ ಸವೆದು ಆದ ಪದ. ಹಾಗೆಂದು ಇಂದು ಫೋನ್ ಇಡುವಾಗ ‘ಗುಡ್‌ಬೈ’ ಎನ್ನುವ ನಾಸ್ತಿಕರು ಯಾರನ್ನೋ ಆಶೀರ್ವದಿಸುತ್ತಿದ್ದಾರೆ ಎನ್ನಲಾಗದು. ಅದೇ ರೀತಿ ‘ಗಾಶ್, ಥ್ಯಾಂಕ್ಸ್’ ಎನ್ನುವವರ ಮನಸ್ಸಿನಲ್ಲಿ ದೇವರೂ ಇಲ್ಲ, ಆಣೆಯೂ ಇಲ್ಲ. ಅದು ‘ಅಬ್ಬಾ’ ಎನ್ನುವಷ್ಟೇ ಬರಿದಾದ ಉದ್ಗಾರ. ಆದ್ದರಿಂದ ನಿಘಂಟಿನವರು ‘ಆಶ್ಚರ್ಯಸೂಚಕ’ ಎಂದು ಮುಗಿಸಿದ್ದರಲ್ಲಿ ಅಷ್ಟೇನೂ ತಪ್ಪಿಲ್ಲ.

ನುಡಿಬೇರು:

ಸಂದೇಹಿ ಅವರ ಮಾತು ಅರ್ಧ ಸರಿ. ‘ಗಾಶ್, ಥ್ಯಾಂಕ್ಸ್’ ಎಂಬಲ್ಲಿ ಪದ ತನ್ನ ಹುಟ್ಟನ್ನು ಮರೆತಿದೆ. ಆದರೆ ‘ಓ ಮೈ ಗಾಶ್’ ಎಂಬಲ್ಲಿ ಮರೆತಿಲ್ಲ, ಏಕೆಂದರೆ ‘ಓ ಮೈ ಗಾಡ್’ ಎಂಬ ಅದರ ಮೂಲ ಜೋಡಿ ಇಂದಿಗೂ ಎಲ್ಲರ ಬಾಯಲ್ಲಿದ್ದು, ಎರಡರಲ್ಲಿ ಒಂದನ್ನು ಜನ ಗೊತ್ತಿದ್ದೇ ಆರಿಸಿಕೊಳ್ಳುತ್ತಾರೆ. ಮಗು ‘ಓ ಮೈ ಗಾಡ್’ ಎಂದಾಗ ‘ಗಾಶ್ ಅನ್ನು’ ಎಂದು ತಿದ್ದುವ ತಾಯಂದಿರು ಇರುವವರೆಗೆ ಅದು ಸೌಮ್ಯೋಕ್ತಿಯಾಗಿಯೇ ಉಳಿದಿರುತ್ತದೆ. ‘ಗುಡ್‌ಬೈ’ ವಿಷಯದಲ್ಲಿ ಅಂಥ ಆಯ್ಕೆಯೇ ಇಲ್ಲ. ಅದರ ಮೂಲ ವಾಕ್ಯ ಬಳಕೆಯಿಂದ ಬಿದ್ದುಹೋಗಿದೆ. ಹೀಗೆ ಒಂದೇ ಪದ ಒಂದು ಚೌಕಟ್ಟಿನಲ್ಲಿ ಸತ್ತ ಆಣೆಯಾಗಿಯೂ ಇನ್ನೊಂದು ಚೌಕಟ್ಟಿನಲ್ಲಿ ಜೀವಂತ ಆಣೆಯಾಗಿಯೂ ಇರಬಲ್ಲದು ಎಂಬುದನ್ನು ನಿಘಂಟಿನ ಒಂದೇ ಪದದ ವಿವರಣೆ ಮುಚ್ಚಿಹಾಕುತ್ತದೆ.

ಇದರಲ್ಲಿ ಇತ್ತೀಚಿನ ಒಂದು ತಿರುವೂ ಇದೆ. ಇಂದು ಮೊಬೈಲಿನಲ್ಲಿ ಎಲ್ಲರೂ ಬರೆಯುವ ‘ಓಎಂಜಿ’ ಎಂಬ ಸಂಕ್ಷೇಪವನ್ನು ಬ್ರಿಟಿಷ್ ನೌಕಾದಳದ ಅಡ್ಮಿರಲ್ ಜಾನ್ ಫಿಷರ್ 1917ರಲ್ಲಿಯೇ ವಿನ್ಸ್ಟನ್ ಚರ್ಚಿಲ್ ಅವರಿಗೆ ಬರೆದ ಪತ್ರದಲ್ಲಿ ಬಳಸಿ, ಪಕ್ಕದಲ್ಲಿ ‘ಓ ಮೈ ಗಾಡ್’ ಎಂದು ಬಿಡಿಸಿ ಹೇಳಿದ್ದರು. ಈಗ ಯಾರೂ ಬಿಡಿಸಿ ಹೇಳುವುದಿಲ್ಲ. ಕೊನೆಯ ಅಕ್ಷರ ‘ಗಾಡ್’ ಎಂಬುದೋ ‘ಗಾಶ್’ ಎಂಬುದೋ ಎಂದು ಬರೆದವರು ನಿರ್ಧರಿಸಬೇಕಾಗಿಲ್ಲ, ಓದಿದವರು ತಮಗೆ ಒಪ್ಪಿಗೆಯಾದದ್ದನ್ನು ತುಂಬಿಕೊಳ್ಳಬಹುದು. ಆಣೆಯನ್ನು ಮೆದುಗೊಳಿಸುವ ಕಲೆಯಲ್ಲಿ ಇದಕ್ಕಿಂತ ಸುಲಭದ ಉಪಾಯ ಬೇರೊಂದಿರಲಾರದು.

ರಂಗಪರದೆ:

ಮೆದುಗೊಳಿಸಿದ ರೂಪಗಳೆಲ್ಲ ಸಮಾನವಾಗಿ ಪಾರಾದವು ಎಂದುಕೊಳ್ಳಬಾರದು. ಹಾಲಿವುಡ್ 1930ರಲ್ಲಿ ತನಗೆ ತಾನೇ ಹಾಕಿಕೊಂಡ, ಹೇಸ್ ಕೋಡ್ ಎಂದು ಹೆಸರಾದ ನಿಯಮಾವಳಿಗೆ ಮುಂದೆ ಸೇರಿದ ನಿಷಿದ್ಧ ಪದಗಳ ಪಟ್ಟಿಯಲ್ಲಿ, ಭಕ್ತಿಯಿಂದ ಆಡಿದ ಸಂದರ್ಭ ಹೊರತು ‘ಗಾಡ್’, ‘ಜೀಸಸ್’, ‘ಕ್ರೈಸ್ಟ್’ ಎಂಬವುಗಳ ಜೊತೆಗೆ, ‘ಗಾಡ್’ ಎಂಬುದನ್ನೇ ಎಳೆದು ಉಚ್ಚರಿಸುವ ‘ಗಾ…ಡ್’ ಮತ್ತು ನುಡಿಬೇರು ಅವರು ಹೇಳಿದ ‘ಕ್ರೈಪ್ಸ್’ ಕೂಡ ಇದ್ದವು. ‘ಗಾಶ್’ ಇರಲಿಲ್ಲ. ಮೂಲದಿಂದ ಎಷ್ಟು ದೂರ ಸರಿದರೆ ಸಾಕು ಎಂಬ ಪ್ರಶ್ನೆಗೆ ಸೆನ್ಸಾರಿನವರು ತಮ್ಮದೇ ಅಳತೆಗೋಲು ಇಟ್ಟುಕೊಂಡಿದ್ದರು ಎಂದು ಇದರಿಂದ ತಿಳಿಯುತ್ತದೆ. ‘ಜೀಸಸ್ ಕ್ರೈಸ್ಟ್’ ಎಂಬುದರ ಎರಡು ಮೊದಲಕ್ಷರಗಳನ್ನು ಉಳಿಸಿಕೊಂಡ ‘ಜಿಮಿನಿ ಕ್ರಿಕೆಟ್’ ಎಂಬ ಹಳೆಯ ಉದ್ಗಾರವಂತೂ 1940ರ ಡಿಸ್ನಿಯ ‘ಪಿನೋಕಿಯೋ’ ಚಿತ್ರದಲ್ಲಿ, ಬುದ್ಧಿ ಹೇಳುವ ಮಿಡತೆಯ ಹೆಸರಾಗಿ ಮಕ್ಕಳ ಮನೆಗೇ ಪ್ರವೇಶ ಪಡೆಯಿತು.

ಹಳೆಕಡತ:

ಪ್ರಶ್ನೆಯಲ್ಲಿದ್ದ ಉಳಿದ ಪದಗಳ ಬಗ್ಗೆ. ‘ಜೀ’ ಎಂಬುದು ಅಮೆರಿಕದ ಸೊತ್ತು. ಚಿಕ್ಕದಾಗಿರುವ ಅದೇ ಮೊದಲು ಹುಟ್ಟಿ, ಆಮೇಲೆ ಬೆಳೆದು ‘ಜೀ ವಿಜ್’ ಮುಂತಾದವು ಆದವು ಎಂದು ಊಹಿಸುವುದು ಸುಲಭ, ಆದರೆ ದಾಖಲೆಗಳು ತಿರುಗುಮುರುಗಾಗಿವೆ: ‘ಜೀ ವಿಲಿಕಿನ್ಸ್’ ಎಂಬ ಉದ್ದನೆಯ ರೂಪ 1850ರ ದಶಕದ ಆರಂಭದಲ್ಲಿಯೇ ಸಿಗುತ್ತದೆ, ‘ಜೀ ವಿಜ್’ 1870ರ ದಶಕದಲ್ಲಿ, ಬರಿಯ ‘ಜೀ’ 1890ರ ದಶಕದಲ್ಲಿ. ‘ಜೀಜ್’ 20ನೆಯ ಶತಮಾನದ್ದು. ಗಾಡಿ ಹೊಡೆಯುವವರು ಕುದುರೆಯನ್ನು ಬಲಕ್ಕೆ ತಿರುಗಿಸಲು ಕೂಗುವ ‘ಜೀ’ ಬೇರೆಯದೇ ಪದ, ಎರಡನ್ನೂ ಬೆರೆಸಬೇಡಿ.

‘ಬ್ಲೈಮಿ’ ಇದೇ ಕುಲದ್ದಾದರೂ ಹುಟ್ಟಿದ ಬಗೆ ಬೇರೆ. ಅದು ಒಂದು ಹೆಸರಿನ ತಿರುಚಿದ ರೂಪವಾಗಿರದೆ ಇಡೀ ವಾಕ್ಯದ ಅವಶೇಷವಾಗಿದೆ. ‘ಗಾಡ್ ಬ್ಲೈಂಡ್ ಮಿ’, ಅಂದರೆ ನಾನು ಹೇಳಿದ್ದು ಸುಳ್ಳಾದರೆ ನನ್ನ ಕಣ್ಣು ಹೋಗಲಿ ಎಂದು ತನಗೆ ತಾನೇ ಹಾಕಿಕೊಳ್ಳುವ ಶಾಪ, ಲಂಡನ್ನಿನ ಆಡುಮಾತಿನಲ್ಲಿ ‘ಗಾರ್‌ಬ್ಲೈಮಿ’ ಆಯಿತು. ದೇವರ ಹೆಸರು ಪೂರ್ತಿ ಉದುರಿದ ‘ಬ್ಲೈಮಿ’ ಎಂಬ ರೂಪ 1880ರ ದಶಕದ ಕೊನೆಗೆ ನಿಘಂಟು ಸೇರಿತ್ತು. ‘ಗಾಡ್ಸ್ ಟ್ರೂತ್’ ಎಂಬುದರಿಂದ ಹುಟ್ಟಿ ಈಗ ಆಸ್ಟ್ರೇಲಿಯದವರ ಬಾಯಲ್ಲಿ ಹೆಚ್ಚು ಕೇಳಿಬರುವ ‘ಸ್ಟ್ರೂತ್’, ‘ಗಾಡ್ ರಾಟ್’ ಎಂಬ ಶಾಪದಿಂದ ಹುಟ್ಟಿದ ‘ಡ್ರ್ಯಾಟ್’ ಇವೂ ಹೀಗೆಯೇ ತಲೆ ಕಳೆದುಕೊಂಡ ವಾಕ್ಯಗಳು. ಅಮೆರಿಕದ ‘ಟಾರ್ನೇಷನ್’ ಇದೆಲ್ಲಕ್ಕಿಂತ ಜಾಣ ಪದ. ‘ಡ್ಯಾಮ್ನೇಷನ್’ ಎಂಬ ಶಾಪದ ಮೆದು ರೂಪಕ್ಕೆ ‘ಇಟರ್ನಲ್’ ಎಂಬುದರ ಸವೆದ ರೂಪವೂ ಬೆರೆತು ಅದು ಆಗಿದೆ.

ಒಂದು ಎಚ್ಚರಿಕೆ. ಈ ಸೂತ್ರ ಗೊತ್ತಾದ ಮೇಲೆ ಕಂಡ ಉದ್ಗಾರಗಳಲ್ಲೆಲ್ಲ ದೇವರನ್ನು ಹುಡುಕುವ ಚಪಲ ಹತ್ತುತ್ತದೆ. ‘ಡಿಯರ್ ಮಿ’ ಎಂಬುದು ಇಟಾಲಿಯನ್ ಭಾಷೆಯ ‘ದಿಯೋ ಮಿಯೋ’ ಎಂಬುದರ ಅಪಭ್ರಂಶವೆಂದೂ, ಬ್ರಿಟಿಷರ ‘ಬ್ಲಡಿ’ ಎಂಬ ಬೈಗುಳ ‘ಬೈ ಅವರ್ ಲೇಡಿ’ ಎಂಬ ಮೇರಿಮಾತೆಯ ಆಣೆಯಿಂದ ಬಂದದ್ದೆಂದೂ ಆಗಾಗ ಓದಲು ಸಿಗುತ್ತದೆ. ಎರಡಕ್ಕೂ ಗಟ್ಟಿ ಆಧಾರವಿಲ್ಲ. ನುಡಿಬೇರು ಅವರು ಹೇಳಿದ ಜಾಗ ಬದಲಿಸಿ ನೋಡುವ ಪರೀಕ್ಷೆಯನ್ನು ‘ಬ್ಲಡಿ’ಗೆ ಒಡ್ಡಿದರೆ ಅದು ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸುತ್ತದೆ: ವಿಶೇಷಣದ ಜಾಗದಲ್ಲಿ ಕೂರುವ ಆ ಪದವನ್ನು ತೆಗೆದು ಅಲ್ಲಿ ‘ಬೈ ಅವರ್ ಲೇಡಿ’ ಎಂದು ಇಟ್ಟರೆ ವಾಕ್ಯವೇ ನಿಲ್ಲುವುದಿಲ್ಲ.

ಸಂದೇಹಿ:

ಬಳಕೆಯ ವಿಷಯ ಹೇಳಿಬಿಡುತ್ತೇನೆ. ‘ಗಾಶ್’ ಎಂಬುದರಿಂದ ನೋಯುವವರು ಬಹಳ ಕಡಿಮೆ. ತೀರಾ ಕಟ್ಟುನಿಟ್ಟಿನ ಕೆಲವು ಕ್ರೈಸ್ತ ಕುಟುಂಬಗಳಲ್ಲಿ, ಮರೆಮಾಚಿದರೂ ಆಣೆ ಆಣೆಯೇ ಎಂಬ ಕಾರಣಕ್ಕೆ ಅದನ್ನೂ ಒಪ್ಪುವುದಿಲ್ಲ. ‘ಜೀಜ್’ ಅಷ್ಟು ನಿರಪಾಯಕಾರಿಯಲ್ಲ, ಏಕೆಂದರೆ ಅದು ಮೂಲ ಹೆಸರಿನ ಮೊದಲ ಅರ್ಧವನ್ನು ಹಾಗೆಯೇ ಕೇಳಿಸುತ್ತದೆ, ಅಲ್ಲದೆ ಬೇಸರದ, ಸಿಡುಕಿನ ದನಿಯಲ್ಲಿಯೇ ಅದನ್ನು ಹೆಚ್ಚಾಗಿ ಆಡುತ್ತಾರೆ. ‘ಗಾಶ್’ ಎಂಬುದರಲ್ಲಿ ಸಿಡುಕಿಲ್ಲ. ಬೆರಗು, ಸಂಕೋಚ, ಮೆಚ್ಚುಗೆ, ಮರುಕ ಇವು ಅದರ ಕ್ಷೇತ್ರ. ಕೋಪ ಬಂದವರು ‘ಗಾಶ್’ ಎನ್ನುವುದನ್ನು ನಾನು ಕೇಳಿದ್ದು ಅಪರೂಪ. ವಯಸ್ಕರ ಬಾಯಲ್ಲಿ ಅದು ಸ್ವಲ್ಪ ಹಳೆಯ ಕಾಲದ್ದೆನಿಸುತ್ತದೆ, ಬೇಕೆಂದೇ ಮುಗ್ಧತೆ ನಟಿಸುವವರು ಅದನ್ನು ವ್ಯಂಗ್ಯಕ್ಕೂ ಬಳಸುತ್ತಾರೆ. ಔಪಚಾರಿಕ ಪತ್ರದಲ್ಲಿ ಇವು ಯಾವುದಕ್ಕೂ ಜಾಗವಿಲ್ಲ.

ಅರೆಓದು:

ಬಹಳಷ್ಟು ಸ್ಪಷ್ಟವಾಯಿತು. ಇನ್ನೊಂದೇ ಸಂದೇಹ. ನಾನು ಓದುತ್ತಿರುವ ಕಥೆಯಲ್ಲಿ, ಎಲ್ಲರೂ ಆಗದೆಂದು ಕೈಬಿಟ್ಟ ಕೆಲಸವನ್ನು ಮುದುಕನೊಬ್ಬ ‘ಬೈ ಗಾಶ್, ಮಾಡಿಯೇ ತೀರುತ್ತೇನೆ’ ಎನ್ನುತ್ತಾನೆ. ಅಲ್ಲಿ ಆಶ್ಚರ್ಯಪಡುವಂಥದ್ದು ಏನೂ ನಡೆದಿಲ್ಲ. ಈ ‘ಗಾಶ್’ ಯಾವ ಬಗೆಯದು?

ನುಡಿಬೇರು:

ಅದು ಆಣೆಯಾಗಿಯೇ ಉಳಿದುಕೊಂಡಿರುವ ‘ಗಾಶ್’. ‘ಬೈ’ ಎಂಬ ಪದ ಮುಂದೆ ಬಂದಾಗ ಅದು ಬೆರಗನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ಮಾತಿಗೆ ಒತ್ತು ಕೊಡುತ್ತದೆ. ‘ಬೈ ಗಾಡ್’ ಎಂದು ದೇವರನ್ನು ಸಾಕ್ಷಿಗೆ ಕರೆದು ಹೇಳುವ ಪ್ರತಿಜ್ಞೆಯ ವ್ಯಾಕರಣ ಅಲ್ಲಿ ಹಾಗೆಯೇ ನಿಂತಿದೆ, ಸಾಕ್ಷಿಯ ಹೆಸರನ್ನು ಮಾತ್ರ ಮರೆಮಾಚಲಾಗಿದೆ. ಆದ್ದರಿಂದ ಆ ಮುದುಕನ ಮಾತನ್ನು ಓದುವಾಗ ಒತ್ತು ‘ಗಾಶ್’ ಮೇಲೆ ನಿಲ್ಲದೆ ‘ಮಾಡಿಯೇ ತೀರುತ್ತೇನೆ’ ಎಂಬುದರ ಮೇಲೆ ಬೀಳಬೇಕು. ‘ಬೈ ಗಮ್’, ‘ಬೈ ಗಾಲಿ’ ಎಂಬವು ಎದುರಾದಾಗಲೂ ಹೀಗೆಯೇ ಓದಿಕೊಳ್ಳಿ. ಜೊತೆಯಲ್ಲಿ ಸಂಕಲ್ಪದ ಕ್ರಿಯಾಪದವಿದ್ದರೆ ಪ್ರತಿಜ್ಞೆ, ‘ನೀನು ಹೇಳಿದ್ದೇ ಸರಿ’ ಎಂಬಂಥ ವಾಕ್ಯವಿದ್ದರೆ ಥಟ್ಟನೆ ಹೊಳೆದ ಸತ್ಯವನ್ನು ಒಪ್ಪಿಕೊಳ್ಳುವ ಮಾತು.